ಬಾವಿಕಟ್ಟೆಯ ಮೇಲೆ ಒಬ್ಬ: ಸೀರಿಯಲ್ ತಂತಿಯಲ್ಲಿ ಕರ್ನಲ್ ಡಿಬಗ್ ಮಾಡುವುದು

ಬದಿಯಡ್ಕದ ಹತ್ತಿರದ ಒಂದು ಅಡಿಕೆ ಅಂಗಡಿಯಲ್ಲಿ ನಾಲ್ಕು ಇಲೆಕ್ಟ್ರಾನಿಕ್ ತಕ್ಕಡಿಗಳಿವೆ. ಹೊಸತು, ಹಳತು, ಪಟೋರ, ಕರಿಗೋಟು ಎಂದು ಗೋಣಿಗಳು ಒಂದೊಂದಾಗಿ ತಕ್ಕಡಿ ಏರುತ್ತವೆ. ತೂಕದ ಅಂಕಿ ತಂತಿಯಲ್ಲಿ ಹರಿದು ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರಿಗೆ ಬಂದು ಚೀಟಿಯಾಗಿ ಹೊರಬೀಳುತ್ತದೆ. ನಾಲ್ಕು ತಕ್ಕಡಿಗಳನ್ನೂ ಒಂದೇ ಯಂತ್ರಕ್ಕೆ ಜೋಡಿಸುವ ಕಾರ್ಡೊಂದನ್ನು ಮಾಲೀಕರು ಎಲ್ಲಿಂದಲೋ ಅಗ್ಗಕ್ಕೆ ತಂದಿದ್ದರು. ಆದರೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಆ ಕಾರ್ಡನ್ನು ಮಾತಾಡಿಸಲು ಬೇಕಾದ ಡ್ರೈವರ್ ಎಂಬ ತಂತ್ರಾಂಶ ಇರಲಿಲ್ಲ. "ಮಾಷ್ಟ್ರೇ, ನೀವೇ ಒಂದು ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಮುನ್ನೂರು ಸಾಲಿನ ಡ್ರೈವರ್. ಮನೆಯಲ್ಲಿ ಎರಡು ವಾರ ಓಡಿಸಿ ನೋಡಿದಾಗ ಒಂದು ಕೊಂಕೂ ಕಾಣಿಸಲಿಲ್ಲ.

ಅಂಗಡಿಯಲ್ಲಿ ಮಾತ್ರ ದಿನಕ್ಕೊಮ್ಮೆ, ಅದೂ ಜನ ತುಂಬಿದ ಹೊತ್ತಿನಲ್ಲೇ, ಕಂಪ್ಯೂಟರ್ ಕಲ್ಲಾಗುತ್ತಿತ್ತು. ಪರದೆಯ ಅಂಕಿಗಳು ಇದ್ದಲ್ಲೇ ನಿಲ್ಲುತ್ತಿದ್ದವು. ಮೌಸಿನ ಬಾಣ ಇನ್ನೂ ಕೆಲವು ಕ್ಷಣ ಅತ್ತಿತ್ತ ಓಡಾಡಿ ಆಮೇಲೆ ಅದೂ ನಿಲ್ಲುತ್ತಿತ್ತು. ಸ್ವಿಚ್ ಆರಿಸಿ ಮತ್ತೆ ಚಾಲೂ ಮಾಡಿ ಲಾಗ್ ಕಡತ ತೆರೆದರೆ ಹನ್ನೊಂದು ಇಪ್ಪತ್ತರ ಒಂದು ಸಾಲು, ಅದರ ಕೆಳಗೆ ಹನ್ನೊಂದೂವರೆಗೆ ಹೊಸದಾಗಿ ಬೂಟ್ ಆದ ಸಾಲು. ನಡುವೆ ಏನಾಯಿತೆಂದು ಬರೆಯಲು ಒಳಗೆ ಯಾರೂ ಉಳಿದಿರಲಿಲ್ಲ.

ಇಡೀ ಕಂಪ್ಯೂಟರನ್ನು ಆಳುವ ತಿರುಳು ತಂತ್ರಾಂಶವೇ ಕರ್ನಲ್, ಡ್ರೈವರ್ ಓಡುವುದೂ ಅದರೊಳಗೇ. ಅಲ್ಲಿನ ದೋಷ ಹುಡುಕುವ ಕರ್ನಲ್ ಡಿಬಗಿಂಗ್ ಎಂಬ ಕೆಲಸ ಬೇರೆಯದೇ ಜಾತಿಯದಾಗಿರುವುದು ಈ ಕಾರಣಕ್ಕೆ. ಸಾಮಾನ್ಯ ಪ್ರೋಗ್ರಾಮ್ ಒಂದು ಕೆಟ್ಟರೆ ಡಿಬಗರ್ ಎಂಬ ಇನ್ನೊಂದು ಪ್ರೋಗ್ರಾಮ್ ಪಕ್ಕದಲ್ಲಿ ಕುಳಿತು ಅದನ್ನು ತಡೆದು ನಿಲ್ಲಿಸುತ್ತದೆ, ಅದರ ಮೆಮೊರಿಯನ್ನು ಬಿಚ್ಚಿ ತೋರಿಸುತ್ತದೆ, ಒಂದೊಂದೇ ಸಾಲು ನಡೆಸುತ್ತದೆ. ಇದಕ್ಕೆಲ್ಲ ಅಪ್ಪಣೆ ಕೊಡುವುದೂ ಕೈಯಾಗಿ ದುಡಿಯುವುದೂ ಕರ್ನಲ್. ಆ ಕರ್ನಲೇ ಕೆಟ್ಟರೆ? ಪರದೆಗೆ ಬರೆಯುವುದು, ಕೀಲಿಮಣೆ ಓದುವುದು, ಡಿಸ್ಕಿಗೆ ಲಾಗ್ ಇಳಿಸುವುದು, ಡಿಬಗರಿಗೆ ಪ್ರೊಸೆಸರಿನ ಸಮಯ ಹಂಚುವುದು ಎಲ್ಲವೂ ಅದರದೇ ಕೆಲಸ. ಅದನ್ನು ನಿಲ್ಲಿಸಿದ ಕ್ಷಣ ನಿಲ್ಲಿಸಿದವನೂ ನಿಲ್ಲುತ್ತಾನೆ.

ಬೇಸಗೆಯಲ್ಲಿ ಬಾವಿಯ ಹೂಳು ತೆಗೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಕೆಳಗಿಳಿಯುತ್ತಾನೆ, ಇನ್ನೊಬ್ಬ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಲ್ಲುತ್ತಾನೆ. ಕೆಳಗಿದ್ದವನಿಗೆ ಉಸಿರು ಕಟ್ಟಿದರೆ ಅವನು ತನ್ನನ್ನು ತಾನೇ ಮೇಲೆತ್ತಿಕೊಳ್ಳಲಾರ. ಹಾಗಾಗಿ ಕರ್ನಲ್ ಡಿಬಗ್ ಮಾಡಲು ಎರಡು ಯಂತ್ರ ಬೇಕು. ಒಂದು ಕೆಳಗಿಳಿದದ್ದು, ಇನ್ನೊಂದು ಕಟ್ಟೆಯ ಮೇಲಿನದು. ಪುಸ್ತಕಗಳು ಇವುಗಳನ್ನು ಟಾರ್ಗೆಟ್, ಹೋಸ್ಟ್ ಎನ್ನುತ್ತವೆ. ಇವೆರಡರ ನಡುವಿನ ಹಗ್ಗವೇ ನಮ್ಮ ವಿಷಯ.

ಕೆಳಗಿನ ಯಂತ್ರದ ಕರ್ನಲ್‌ನೊಳಗೆ ಒಂದು ಪುಟ್ಟ ತುಣುಕು ಕುಳಿತಿರುತ್ತದೆ. ಲಿನಕ್ಸ್‌ನಲ್ಲಿ ಅದರ ಹೆಸರು ಕೆಜಿಡಿಬಿ. ಅದಕ್ಕೆ ಬುದ್ಧಿ ಕಡಿಮೆ, ಬೇಕೆಂದೇ ಕಡಿಮೆ. ಮೆಮೊರಿಯ ಇಂಥ ಜಾಗದಲ್ಲಿ ಏನಿದೆ ಎಂದು ಕೇಳಿದರೆ ಹೇಳುತ್ತದೆ, ಇಂಥದ್ದನ್ನು ಬರೆ ಎಂದರೆ ಬರೆಯುತ್ತದೆ, ನಡೆ ಎಂದರೆ ನಡೆಯುತ್ತದೆ. ಚರಗಳ ಹೆಸರು, ಫಂಕ್ಷನ್‌ಗಳ ಹೆಸರು, ಮೂಲ ಕೋಡಿನ ಸಾಲು ಇವೆಲ್ಲ ಕಟ್ಟೆಯ ಮೇಲಿನ ಯಂತ್ರದಲ್ಲಿ, ಜಿಡಿಬಿ ಎಂಬ ಹಳೆಯ ಡಿಬಗರಿನ ತಲೆಯಲ್ಲಿ ಇರುತ್ತವೆ. ಉಸಿರು ಕಟ್ಟಿದವನಿಂದ ಆದಷ್ಟು ಕಡಿಮೆ ಕೆಲಸ ಮಾಡಿಸುವುದೇ ಇಲ್ಲಿನ ಜಾಣತನ.

ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್‌ಗೆ ಕರ್ನಲ್ ಡಿಬಗರ್ ಎಂದರೆ ಅಷ್ಟಕ್ಕಷ್ಟೆ. ಅದನ್ನು ಕೈಗೆ ಕೊಟ್ಟರೆ ಜನ ಕೋಡನ್ನು ಓದಿ ಯೋಚಿಸುವುದನ್ನು ಬಿಟ್ಟು, ಕಂಡ ತೂತಿಗೆ ತೇಪೆ ಹಾಕಿ ಹೋಗುತ್ತಾರೆ ಎಂಬುದು ಅವರ ಆಕ್ಷೇಪ. ಹಾಗಾಗಿ ಕೆಜಿಡಿಬಿ ವರ್ಷಗಟ್ಟಲೆ ಹೊರಗಿನ ಪ್ಯಾಚ್ ಆಗಿಯೇ ಅಲೆದು, 2008ರಲ್ಲಿ 2.6.26ನೇ ಆವೃತ್ತಿಯಲ್ಲಿ ಒಳಸೇರಿತು. ಯಂತ್ರದ ಮುಂದೆಯೇ ಕುಳಿತು ಬಳಸಬಹುದಾದ ಕೆಡಿಬಿ 2010ರಲ್ಲಿ, 2.6.35ರಲ್ಲಿ ಜೊತೆಗೂಡಿತು. ಟೋರ್ವಾಲ್ಡ್ಸ್ ಆಕ್ಷೇಪ ಪೂರ್ತಿ ತಪ್ಪಲ್ಲ. ನನ್ನ ಕಥೆಯೇ ಅದಕ್ಕೆ ಸಾಕ್ಷಿ, ಮುಂದೆ ಬರುತ್ತದೆ.

ಈಗ ಹಗ್ಗದ ಮಾತು. ವೈಫೈ, ಈಥರ್ನೆಟ್, ಯುಎಸ್‌ಬಿ ಎಲ್ಲ ಇರುವ ಕಾಲದಲ್ಲಿ ಬಿಟ್‌ಗಳನ್ನು ಒಂದರ ಹಿಂದೊಂದಾಗಿ ಸಾಗಿಸುವ 1960ರ ದಶಕದ ಆರ್‌ಎಸ್-232 ಸೀರಿಯಲ್ ತಂತಿಯನ್ನು ಯಾಕೆ ಹುಡುಕಬೇಕು? ವೇಗಕ್ಕಾಗಿ ಅಲ್ಲ. ಅದು ಕರ್ನಲ್‌ನಿಂದ ಏನನ್ನೂ ಬೇಡುವುದಿಲ್ಲ, ಅದಕ್ಕಾಗಿ. ನೆಟ್‌ವರ್ಕ್ ಕಾರ್ಡಿನಲ್ಲಿ ಒಂದು ಪೊಟ್ಟಣ ಕಳಿಸಬೇಕಾದರೆ ಮೆಮೊರಿ ಹಂಚಿಕೆಯಾಗಬೇಕು, ಒಂದೇ ದತ್ತಾಂಶವನ್ನು ಇಬ್ಬರು ಒಮ್ಮೆಗೇ ಮುಟ್ಟದಂತೆ ಕಾಯುವ ಬೀಗಗಳನ್ನು ಹಿಡಿಯಬೇಕು, ಇಂಟರಪ್ಟ್, ಅಂದರೆ ಪ್ರೊಸೆಸರಿನ ಕೆಲಸವನ್ನು ಅರ್ಧಕ್ಕೆ ತಡೆದು ಕರೆಯುವ ಸನ್ನೆ, ಬರಬೇಕು. ಇವುಗಳಲ್ಲೇ ಯಾವುದೋ ಒಂದು ಕೆಟ್ಟಿದೆ ಎಂದು ತಾನೇ ನಾವು ಹೊರಟಿರುವುದು? ಸೀರಿಯಲ್ ಪೋರ್ಟಿಗೆ ಇದಾವುದೂ ಬೇಡ. ಪಿಸಿಯ ಮೊದಲನೆಯ ಸೀರಿಯಲ್ ಪೋರ್ಟಿನ ವಿಳಾಸ ಹದಿನಾರರ ಎಣಿಕೆಯಲ್ಲಿ 3ಎಫ್8. ಅದಕ್ಕಿಂತ ಐದು ಮುಂದೆ, 3ಎಫ್‌ಡಿಯಲ್ಲಿ, ಒಂದು ಸ್ಥಿತಿಯ ಬೈಟ್ ಇದೆ. ಅದರ ಒಂದು ಬಿಟ್ "ಅಕ್ಷರ ಬಂದಿದೆ" ಎನ್ನುತ್ತದೆ, ಇನ್ನೊಂದು "ಕಳಿಸುವ ಪೆಟ್ಟಿಗೆ ಖಾಲಿಯಾಗಿದೆ" ಎನ್ನುತ್ತದೆ. ಪ್ರೊಸೆಸರ್ ಆ ಬೈಟನ್ನು ಮತ್ತೆ ಮತ್ತೆ ಇಣುಕಿ ನೋಡುತ್ತ ಒಂದೊಂದೇ ಅಕ್ಷರವನ್ನು ಸಾಗಿಸಿದರೆ ಆಯಿತು. ನಾಲ್ಕಾರು ಸಾಲಿನ ಕೋಡ್. ಇಂಟರಪ್ಟ್‌ಗಳೆಲ್ಲ ಮುಚ್ಚಿದ್ದರೂ, ಮೆಮೊರಿ ಹಂಚುವ ವ್ಯವಸ್ಥೆ ಕುಸಿದಿದ್ದರೂ ಇದು ನಡೆಯುತ್ತದೆ.

ತಂತಿಯ ಮೇಲೆ ಏನು ಹರಿಯುತ್ತದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ರಿಜಿಸ್ಟರ್ ಎಂದರೆ ಪ್ರೊಸೆಸರಿನೊಳಗಿನ ಪುಟ್ಟ ನೆನಪಿನ ಗೂಡು. ಕಟ್ಟೆಯ ಮೇಲಿನ ಜಿಡಿಬಿ "ನಿನ್ನ ಎಲ್ಲ ರಿಜಿಸ್ಟರ್‌ಗಳನ್ನು ಹೇಳು" ಎಂದು ಕೇಳುವುದಕ್ಕೆ ಐದೇ ಅಕ್ಷರ ಸಾಕು: ಡಾಲರ್ ಚಿಹ್ನೆ, ಇಂಗ್ಲಿಷಿನ ಸಣ್ಣ ಜಿ, ಹ್ಯಾಶ್ ಚಿಹ್ನೆ, 6, 7. ಡಾಲರ್ ಎಂದರೆ ಮಾತು ಶುರು, ಹ್ಯಾಶ್ ಎಂದರೆ ಮಾತು ಮುಗಿಯಿತು. ಕೊನೆಯ ಎರಡು ಅಂಕಿ ತಾಳೆ ನೋಡುವ ಲೆಕ್ಕ: ನಡುವಿನ ಅಕ್ಷರಗಳ ಸಂಕೇತಸಂಖ್ಯೆಗಳನ್ನೆಲ್ಲ ಕೂಡಿ, 256ರಿಂದ ಭಾಗಿಸಿದಾಗ ಉಳಿಯುವ ಶೇಷ. ಸಣ್ಣ ಜಿಯ ಸಂಕೇತಸಂಖ್ಯೆ 103, ಹದಿನಾರರ ಎಣಿಕೆಯಲ್ಲಿ 67. ಅದೇ ಅಲ್ಲಿ ಕುಳಿತಿದೆ. ಲೆಕ್ಕ ತಾಳೆಯಾದರೆ ಕೆಳಗಿನ ಯಂತ್ರ ಒಂದು ಕೂಡಿಸುವ ಚಿಹ್ನೆಯನ್ನು ಕಳಿಸಿ "ಕೇಳಿಸಿತು" ಎನ್ನುತ್ತದೆ. ತಾಳೆಯಾಗದಿದ್ದರೆ ಕಳೆಯುವ ಚಿಹ್ನೆ ಕಳಿಸುತ್ತದೆ, ಜಿಡಿಬಿ ಅದೇ ಮಾತನ್ನು ಮತ್ತೆ ಹೇಳುತ್ತದೆ. ಮಳೆಗಾಲದಲ್ಲಿ ತೋಡಿನ ಆಚೆಯಿಂದ ಕೂಗಿ ಮಾತಾಡುವವರು ಪ್ರತಿ ಮಾತಿಗೂ "ಆಯಿತು", "ಏನು?" ಎನ್ನುವ ಹಾಗೆ.

ಆ ಒಂದು ಜಿ ಅಕ್ಷರ ತಂತಿಯಲ್ಲಿ ಹೋಗುವಾಗ ಹತ್ತು ಬಿಟ್ ಆಗುತ್ತದೆ. ಸುಮ್ಮನಿರುವ ತಂತಿ ಯಾವಾಗಲೂ 1ರ ಸ್ಥಿತಿಯಲ್ಲಿರುತ್ತದೆ. ಮೊದಲು ಒಂದು 0, ಅಂದರೆ "ಬರುತ್ತಿದ್ದೇನೆ". ಆಮೇಲೆ ಎಂಟು ಬಿಟ್‌ಗಳು ಕೆಳಗಿನ ತುದಿಯಿಂದ ಮೊದಲ್ಗೊಂಡು: 1, 1, 1, 0, 0, 1, 1, 0. ಕೊನೆಗೆ ಒಂದು 1. ಆರ್‌ಎಸ್-232ರಲ್ಲಿ 1 ಎಂದರೆ ಋಣ ವೋಲ್ಟ್, ಮೈನಸ್ 3ರಿಂದ ಮೈನಸ್ 15ರವರೆಗೆ. 0 ಎಂದರೆ ಪ್ಲಸ್ 3ರಿಂದ ಪ್ಲಸ್ 15. ಉಲ್ಟಾ ಅನಿಸುತ್ತದೆ, ಇರುವುದೇ ಹಾಗೆ. 115200 ಬಾಡ್ ವೇಗದಲ್ಲಿ ಈ ಹತ್ತು ಬಿಟ್ ಸಾಗಲು ಸುಮಾರು 87 ಮೈಕ್ರೋಸೆಕೆಂಡ್ ಬೇಕು. ಸೆಕೆಂಡಿಗೆ 11,520 ಅಕ್ಷರ, ಅದೇ ಮಿತಿ. ಉತ್ತರವಾಗಿ ಬರುವ ರಿಜಿಸ್ಟರ್‌ಗಳು 64 ಬಿಟ್‌ನ ಇಂಟೆಲ್ ಯಂತ್ರದಲ್ಲಿ ಮುನ್ನೂರಕ್ಕೂ ಮಿಕ್ಕಿದ ಅಕ್ಷರಗಳಾಗುತ್ತವೆ, ಏಕೆಂದರೆ ಪ್ರತಿ ಬೈಟನ್ನೂ ಎರಡು ಅಕ್ಷರಗಳಲ್ಲಿ ಬರೆದು ಕಳಿಸಲಾಗುತ್ತದೆ. ಆದರೂ ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲಿನೊಳಗೆ ಬಂದು ಮುಟ್ಟುತ್ತವೆ.

ಆದರೆ ಇದೇ ತಂತಿಯಲ್ಲಿ ಒಂದು ಮೆಗಾಬೈಟ್ ಮೆಮೊರಿಯನ್ನು ಎಳೆದುಕೊಳ್ಳಲು ಹೋದರೆ ಮೂರು ನಿಮಿಷ ಬೇಕು. ಎಂಟು ಗಿಗಾಬೈಟ್ ಪೂರ್ತಿ ಬೇಕೆಂದರೆ ಹದಿನೇಳು ದಿನ. ಹಾಗಾಗಿ ಸೀರಿಯಲ್ ಡಿಬಗಿಂಗ್‌ನಲ್ಲಿ ಸುಮ್ಮನೆ ಎಲ್ಲವನ್ನೂ ತೋಡಿ ನೋಡುವ ಚಟ ನಡೆಯುವುದಿಲ್ಲ. ಇಂಥ ಪ್ರಶ್ನೆ, ಇಂಥ ವಿಳಾಸ ಎಂದು ಮೊದಲೇ ಯೋಚಿಸಿ ಕೇಳಬೇಕಾಗುತ್ತದೆ. ಕೋಡ್ ಓದದೆ ಯೋಚಿಸಲಾಗದು. ಟೋರ್ವಾಲ್ಡ್ಸ್ ಅವರಿಗೆ ತಂತಿಯೇ ಅರ್ಧ ಉತ್ತರ ಕೊಟ್ಟಂತಾಯಿತು.

ಬ್ರೇಕ್‌ಪಾಯಿಂಟ್, ಅಂದರೆ ಕೋಡು ಇಲ್ಲಿಗೆ ಬಂದಾಗ ನಿಲ್ಲಲಿ ಎಂಬ ಗುರುತು, ಇಡುವುದೂ ಇದೇ ತಂತಿಯಲ್ಲಿ, ಒಂದು ಬೈಟಿನ ಆಟ. ಇಂಟೆಲ್ ಪ್ರೊಸೆಸರಿನಲ್ಲಿ ಸಿಸಿ ಎಂಬ ಒಂದೇ ಬೈಟಿನ ಆದೇಶವಿದೆ. ಅದನ್ನು ಕಂಡರೆ ಪ್ರೊಸೆಸರ್ ನಡೆಯುತ್ತಿದ್ದ ಕೆಲಸ ನಿಲ್ಲಿಸಿ ಡಿಬಗ್ ತುಣುಕಿನತ್ತ ಹೊರಳುತ್ತದೆ. ನಿಲ್ಲಬೇಕಾದ ಜಾಗದಲ್ಲಿದ್ದ ಮೂಲ ಬೈಟನ್ನು ತೆಗೆದಿಟ್ಟುಕೊಂಡು ಅಲ್ಲಿ ಸಿಸಿ ಬರೆಯುತ್ತಾರೆ. ಮುಂದೆ ಹೋಗುವಾಗ ಮೂಲ ಬೈಟನ್ನು ಮತ್ತೆ ಅದರ ಜಾಗದಲ್ಲಿಡುತ್ತಾರೆ. ಓದುತ್ತಿರುವ ಪುಟದಲ್ಲಿ ಒಂದು ಅಕ್ಷರದ ಮೇಲೆ ಚೀಟಿ ಅಂಟಿಸಿದಷ್ಟೇ.

ಅಂಗಡಿಗೆ ಬರೋಣ. ಗಲ್ಲಾಪೆಟ್ಟಿಗೆಯ ಪಕ್ಕದ ಯಂತ್ರ ಹಳೆಯದು, ಎರಡು ಕೋರಿನದು, ಅಂದರೆ ಒಂದೇ ಹೊತ್ತಿಗೆ ಬೇರೆ ಬೇರೆ ಕೆಲಸ ಮಾಡಬಲ್ಲ ಎರಡು ಪ್ರೊಸೆಸರ್ ತಿರುಳುಗಳದು. ಅದರ ಬೆನ್ನಿಗೆ ಒಂಬತ್ತು ಪಿನ್‌ಗಳ ಸೀರಿಯಲ್ ಪೋರ್ಟ್ ಇತ್ತು. ಮೊದಲ ದಿನ ತಕ್ಕಡಿಯ ಜೊತೆ ಬಂದಿದ್ದ ತಂತಿಯನ್ನೇ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅರ್ಧ ಗಂಟೆ ಹಾಳುಮಾಡಿದೆ. ಅದು ನೇರ ತಂತಿ. ಎರಡು ಕಂಪ್ಯೂಟರ್‌ಗಳನ್ನು ಜೋಡಿಸಲು ಅಡ್ಡ ಹಾಯ್ದ ತಂತಿ ಬೇಕು. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ತಾಗಬೇಕು: ಒಂದರ 3ನೇ ಪಿನ್ ಇನ್ನೊಂದರ 2ಕ್ಕೆ, 2 ಇನ್ನೊಂದರ 3ಕ್ಕೆ, ನೆಲದ ತಂತಿಯಾದ 5 ನೇರವಾಗಿ 5ಕ್ಕೆ. ಅಂಗಡಿಗಳಲ್ಲಿ ಇದನ್ನು ನಲ್ ಮೋಡೆಮ್ ಕೇಬಲ್ ಎಂದು ಕೇಳಬೇಕು. ಪೋರ್ಟ್ ಬದುಕಿದೆಯೇ ಎಂದು ತಿಳಿಯಲು ಒಂದು ಜೆಮ್ ಕ್ಲಿಪ್ ಬಿಡಿಸಿ 2ನ್ನೂ 3ನ್ನೂ ಸೇರಿಸಿ ಏನಾದರೂ ಟೈಪ್ ಮಾಡಿ. ನಿಮ್ಮ ಅಕ್ಷರ ನಿಮಗೇ ಮರಳಿ ಬಂದರೆ ಪೋರ್ಟ್ ಸರಿಯಿದೆ.

ಮಿಕ್ಕ ತಯಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕರ್ನಲನ್ನು ಕೆಜಿಡಿಬಿ ಮತ್ತು ಡಿಬಗ್ ಮಾಹಿತಿ ಎರಡನ್ನೂ ಸೇರಿಸಿ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿದಾಗ ಸಿಗುವ ವಿಎಂಲಿನಕ್ಸ್ ಎಂಬ ದೈತ್ಯ ಕಡತವನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಳ್ಳಬೇಕು. ಅದು ಓಡುತ್ತಿರುವ ಕರ್ನಲ್‌ನ ಜೊತೆಜೊತೆಗೇ ಹುಟ್ಟಿದ್ದಾಗಿರಬೇಕು. ಆಮೇಲೆ ಒಂದು ಸಾಲು ತಿದ್ದಿ ಮತ್ತೆ ಕಟ್ಟಿದರೂ ವಿಳಾಸಗಳು ಸರಿದು, ಡಿಬಗರ್ ತಪ್ಪು ಸಾಲನ್ನೇ ತುಂಬು ವಿಶ್ವಾಸದಿಂದ ತೋರಿಸುತ್ತದೆ. ಯಂತ್ರ ಶುರುವಾಗುವಾಗ ಕರ್ನಲ್ ಓದಿಕೊಳ್ಳುವ ಬೂಟ್ ಸಾಲಿನಲ್ಲಿ ಕೆಜಿಡಿಬಿಗೆ ಯಾವ ಪೋರ್ಟ್, ಯಾವ ವೇಗ ಎಂದು ಬರೆಯಬೇಕು. ಈಚಿನ ಕರ್ನಲ್‌ಗಳು ಪ್ರತಿ ಸಲ ಬೇರೆ ಬೇರೆ ವಿಳಾಸದಲ್ಲಿ ಕುಳಿತುಕೊಳ್ಳುತ್ತವೆ, ಕಳ್ಳರಿಗೆ ಸಿಗದಿರಲಿ ಎಂದು. ಆ ಕಣ್ಣಾಮುಚ್ಚಾಲೆಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಕು. ಅದೇ ಪೋರ್ಟಿನಲ್ಲಿ ಲಾಗಿನ್ ಕೇಳುವ ಪ್ರೋಗ್ರಾಮ್ ಓಡುತ್ತಿದ್ದರೆ ಅದನ್ನೂ ಆರಿಸಿ. ಇಲ್ಲವಾದರೆ ಅದರ ಹರಟೆ ಡಾಲರ್, ಹ್ಯಾಶ್‌ಗಳ ನಡುವೆ ತೂರಿಕೊಳ್ಳುತ್ತದೆ.

ಇಷ್ಟಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಜಿಡಿಬಿ ತೆರೆದು ಕಾದು ಕುಳಿತೆ. ಹನ್ನೊಂದರ ಹೊತ್ತಿಗೆ ಯಂತ್ರ ಕಲ್ಲಾಯಿತು. ನಾನು ಸಂಭ್ರಮದಿಂದ ಅದನ್ನು ಎಬ್ಬಿಸಲು ಹೋದೆ. ಎಬ್ಬಿಸುವ ಕ್ರಮ ಹೀಗಿದೆ. ತಂತಿಯನ್ನು ಒಂದು ಅಕ್ಷರದ ಅವಧಿಗಿಂತ ಹೆಚ್ಚು ಕಾಲ 0ಯಲ್ಲೇ ಹಿಡಿದಿಡುವುದಕ್ಕೆ ಬ್ರೇಕ್ ಎನ್ನುತ್ತಾರೆ. ಯಾವ ಅಕ್ಷರವೂ ಅಷ್ಟು ಹೊತ್ತು ಸೊನ್ನೆಯಲ್ಲಿರುವುದಿಲ್ಲವಾದ್ದರಿಂದ ಇದು ಬೇರೆಯೇ ಸನ್ನೆ. ಬ್ರೇಕ್ ಕೊಟ್ಟು ಅದರ ಹಿಂದೆಯೇ ಜಿ ಅಕ್ಷರ ಕಳಿಸಿದರೆ ಕರ್ನಲ್ ಕೆಲಸ ಬಿಟ್ಟು ಕೆಜಿಡಿಬಿಗೆ ಬರುತ್ತದೆ. ಕಳಿಸಿದೆ. ಏನೂ ಆಗಲಿಲ್ಲ. ಮತ್ತೆ ಕಳಿಸಿದೆ. ಉಸಿರಿಲ್ಲ.

"ಆಯಿತೇ ಮಾಷ್ಟ್ರೇ?" ಎಂದು ಮಾಲೀಕರು ಕೇಳಿದರು. ಗೋಣಿ ಇಳಿಸಿಕೊಂಡು ಕಾಯುತ್ತಿದ್ದ ನಾಲ್ಕು ಮಂದಿ ಕೃಷಿಕರು ನನ್ನನ್ನೇ ನೋಡುತ್ತಿದ್ದರು.

ಎಲ್ಲಿ ಎಡವಿದೆ ಎಂಬುದು ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು. ನಿಂತ ಮೇಲೆ ಕೆಜಿಡಿಬಿ ಇಣುಕುನೋಟದಿಂದಲೇ ಮಾತಾಡುತ್ತದೆ, ನಿಜ. ಆದರೆ ನಿಲ್ಲಿಸುವ ಸನ್ನೆ ಒಳಗೆ ಬರುವುದು ಮಾತ್ರ ಇಂಟರಪ್ಟ್ ಮೂಲಕ. ಬಾವಿಯಲ್ಲಿದ್ದವನು ಕಿವಿಯನ್ನೇ ಮುಚ್ಚಿಕೊಂಡಿದ್ದರೆ ಮೇಲಿಂದ ಎಷ್ಟು ಕೂಗಿದರೂ ಅಷ್ಟೆ. ಸೀರಿಯಲ್ ಪೋರ್ಟಿನ ಇಂಟರಪ್ಟ್ ಹೋಗುತ್ತಿದ್ದುದು 0ನೇ ಕೋರಿಗೆ. ಆ ಕೋರು ಇಂಟರಪ್ಟ್ ಮುಚ್ಚಿಕೊಂಡು ಎಲ್ಲೋ ಸಿಕ್ಕಿಬಿದ್ದಿತ್ತು. ಮೌಸಿನ ಬಾಣ ಕೆಲವು ಕ್ಷಣ ಓಡಾಡಿದ್ದರ ಗುಟ್ಟೂ ಇದೇ ಇರಬೇಕು. 1ನೇ ಕೋರು ಇನ್ನೂ ಬದುಕಿರುತ್ತಿತ್ತು, 0ಯಿಂದ ಯಾವುದೋ ಉತ್ತರ ಬೇಕಾಗುವವರೆಗೆ. ಆಮೇಲೆ ಅದೂ ಕಾಯುತ್ತ ನಿಂತುಬಿಡುತ್ತಿತ್ತು.

ಕಿವಿ ಮುಚ್ಚಿದರೂ ಕೇಳಿಸುವ ಒಂದು ಇಂಟರಪ್ಟ್ ಇದೆ. ತಡೆಯಲಾಗದ ಇಂಟರಪ್ಟ್, ಎನ್‌ಎಂಐ ಎಂದು ಅದರ ಹೆಸರು. ಕರ್ನಲ್‌ನ ಕಾವಲು ವ್ಯವಸ್ಥೆ ಇದನ್ನು ಬಳಸಿ, ಪ್ರತಿಯೊಂದು ಕೋರಿನಲ್ಲಿ ಗಡಿಯಾರದ ಇಂಟರಪ್ಟ್ ನಡೆಯುತ್ತಿದೆಯೇ ಎಂದು ಸುಮಾರು ಹತ್ತು ಸೆಕೆಂಡಿಗೊಮ್ಮೆ ನೋಡಿಕೊಳ್ಳುತ್ತದೆ. ನಡೆಯುತ್ತಿಲ್ಲವಾದರೆ ಪ್ಯಾನಿಕ್ ಮಾಡು, ಅಂದರೆ ಇನ್ನು ಮುಂದುವರಿಯಲಾಗದು ಎಂದು ಕೈಚೆಲ್ಲಿ ನಿಲ್ಲು, ಎಂದು ಬೂಟ್ ಸಾಲಿನಲ್ಲಿ ಹೇಳಿಡಬಹುದು. ಪ್ಯಾನಿಕ್ ಆದರೆ ಕೆಜಿಡಿಬಿ ತಾನಾಗಿ ಎಚ್ಚರಗೊಳ್ಳುತ್ತದೆ. ಒಂದೇ ಷರತ್ತು: ಪ್ಯಾನಿಕ್ ಆದೊಡನೆ ತಾನೇ ರೀಬೂಟ್ ಆಗುವಂತೆ ಯಂತ್ರವನ್ನು ಹೊಂದಿಸಿರಬಾರದು. ಹೊಂದಿಸಿದ್ದರೆ, ನೋಡುವವರು ಯಾರೂ ಇಲ್ಲ ಎಂದುಕೊಂಡು ಅದು ಡಿಬಗರಿಗೆ ಕಾಯದೆ ಹೊರಟುಬಿಡುತ್ತದೆ.

ಮರುದಿನ ಹನ್ನೆರಡರ ಸುಮಾರಿಗೆ ಯಂತ್ರ ಮತ್ತೆ ನಿಂತಿತು. ನಾನು ಏನನ್ನೂ ಒತ್ತಲಿಲ್ಲ. ಬೆರಳು ಮಡಿಸಿ ಎಣಿಸುತ್ತ ಕುಳಿತೆ. ಹತ್ತಿರ ಹತ್ತಿರ ಹದಿನೈದು ಎಣಿಸುವಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆಯಲ್ಲಿ ಸಾಲುಗಳು ಉದುರತೊಡಗಿದವು. ಕೆಳಗಿದ್ದವನು ಹಗ್ಗ ಜಗ್ಗಿದ್ದ.

ಕರ್ನಲ್ ನಿಂತಾಗ ಮೊದಲು ಕೇಳಬೇಕಾದದ್ದು ಬ್ಯಾಕ್‌ಟ್ರೇಸ್: ಇಲ್ಲಿಗೆ ಯಾವ ದಾರಿಯಾಗಿ ಬಂದೆ? ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಈ ವಂಶಾವಳಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಚೀಟಿ ಮುದ್ರಿಸುವ ಪ್ರೋಗ್ರಾಮ್ ತೂಕವನ್ನು ಓದಲು ಮಾಡಿದ ಸಿಸ್ಟಮ್ ಕರೆ. ಅದರ ಮೇಲೆ ನನ್ನ ಡ್ರೈವರಿನ ಓದುವ ಫಂಕ್ಷನ್. ಅದರ ಮೇಲೆ, ಅದನ್ನು ಅರ್ಧಕ್ಕೇ ತಡೆದು ಬಂದ ಇಂಟರಪ್ಟ್. ಅದರ ಮೇಲೆ ನನ್ನದೇ ಡ್ರೈವರಿನ ಇಂಟರಪ್ಟ್ ನಿರ್ವಾಹಕ, ತಕ್ಕಡಿಯಿಂದ ಹೊಸ ತೂಕ ಬಂದಾಗ ಓಡುವಂಥದ್ದು. ಅದರ ಮೇಲೆ ಸ್ಪಿನ್‌ಲಾಕ್ ಎಂಬ ಬೀಗ ಹಿಡಿಯುವ ಫಂಕ್ಷನ್, ಬೀಗ ಸಿಗುವವರೆಗೆ ಸುತ್ತುತ್ತಲೇ ಇರುವುದು. ಎಲ್ಲಕ್ಕಿಂತ ಮೇಲೆ ಎನ್‌ಎಂಐ ಮತ್ತು ಪ್ಯಾನಿಕ್.

ಬೀಗದ ಚರದಲ್ಲಿ ಏನಿದೆ ಎಂದು ಕೇಳಿದೆ. ಉತ್ತರ 257. ವಿಚಿತ್ರ ಸಂಖ್ಯೆ ಅನಿಸಬಹುದು, ಆದರೆ ಇಡೀ ಪ್ರಕರಣ ಅದರಲ್ಲೇ ಇದೆ. 257 ಎಂದರೆ 256 ಕೂಡಿಸು 1. ಇಂಟೆಲ್ ಯಂತ್ರಗಳಲ್ಲಿ ಲಿನಕ್ಸ್‌ನ ಸ್ಪಿನ್‌ಲಾಕಿನ ಮೊದಲ ಬೈಟ್ 1 ಇದ್ದರೆ ಬೀಗ ಹಾಕಿದೆ ಎಂದರ್ಥ. ಎರಡನೆಯ ಬೈಟ್ 1 ಇದ್ದರೆ ಬಾಗಿಲಲ್ಲಿ ಒಬ್ಬ ಕಾಯುತ್ತಿದ್ದಾನೆ ಎಂದರ್ಥ. ಬೀಗ ಹಾಕಿದವನು ನನ್ನ ಓದುವ ಫಂಕ್ಷನ್. ಬಾಗಿಲಲ್ಲಿ ಕಾಯುತ್ತಿದ್ದವನು ನನ್ನ ಇಂಟರಪ್ಟ್ ನಿರ್ವಾಹಕ. ಇಬ್ಬರೂ ಒಂದೇ ಕೋರಿನ ಮೇಲೆ.

ಅಂಗಡಿಯವರಿಗೆ ಇದನ್ನು ಹೀಗೆ ಹೇಳಿದೆ: "ನೀವು ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿ ದುಡ್ಡು ಎಣಿಸುತ್ತಿದ್ದೀರಿ. ಫೋನ್ ಬಂತು. ಫೋನ್ ಬಂದರೆ ಎಣಿಕೆ ನಿಲ್ಲಿಸಲೇಬೇಕು, ಅದು ನಿಯಮ. ಫೋನಿನವರು, 'ಈ ಕೋಣೆಗೆ ಬೇರೆ ಯಾರೂ ಒಳಗಿಲ್ಲದಾಗ ಚಿಲಕ ಹಾಕಿಕೊಂಡು ಒಂದು ಲೆಕ್ಕ ಬರೆಯಿರಿ, ಅಲ್ಲಿಯವರೆಗೆ ಫೋನ್ ಇಡಬೇಡಿ' ಎಂದರು. ಒಳಗಿರುವವರು ನೀವೇ. ಎಣಿಕೆ ಮುಗಿಸದೆ ಚಿಲಕ ತೆಗೆಯುವಂತಿಲ್ಲ, ಫೋನ್ ಇಡದೆ ಎಣಿಸುವಂತಿಲ್ಲ." ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಎಣಿಸಲು ಹೋಗುವ ಮೊದಲು ಫೋನ್ ಆಫ್ ಮಾಡಬೇಕಿತ್ತು" ಎಂದರು. ಪರಿಹಾರ ನಿಖರವಾಗಿ ಅದೇ. ಓದುವ ಫಂಕ್ಷನ್ನಿನ ಕಡೆಯಿಂದ ಬೀಗ ಹಿಡಿಯುವಾಗ ಆ ಕೋರಿನ ಇಂಟರಪ್ಟ್‌ಗಳನ್ನು ಮುಚ್ಚಿಕೊಂಡು ಹಿಡಿಯುವ ಇನ್ನೊಂದು ಬಗೆಯ ಫಂಕ್ಷನ್ ಕರ್ನಲ್‌ನಲ್ಲಿದೆ. ಬೀಗ ಹಾಕುವ ಸಾಲನ್ನೂ ತೆಗೆಯುವ ಸಾಲನ್ನೂ ಬದಲಿಸಿದೆ.

ಮನೆಯಲ್ಲಿ ಎರಡು ವಾರ ಯಾಕೆ ಕಾಣಿಸಲಿಲ್ಲ? ಅಲ್ಲಿ ನಾನು ಒಂದೇ ತಕ್ಕಡಿ ಇಟ್ಟುಕೊಂಡಿದ್ದೆ. ಬೀಗ ಹಿಡಿದಿರುವ ಅವಧಿ ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಅದೇ ಕಿಂಡಿಯಲ್ಲಿ ಇಂಟರಪ್ಟ್ ಬಂದು ಬೀಳಬೇಕಾದರೆ ನಾಲ್ಕೂ ತಕ್ಕಡಿಗಳು ಬಿಡುವಿಲ್ಲದೆ ದುಡಿಯಬೇಕು. ಜನ ತುಂಬಿದಾಗಲೇ ಯಂತ್ರ ಕೈಕೊಡುತ್ತದೆ ಎಂದು ಅಂಗಡಿಯವರು ಹೇಳಿದ್ದನ್ನು ನಾನು ಅವರ ಬೇಸರವೆಂದುಕೊಂಡಿದ್ದೆ. ಅದು ಸರಿಯಾದ ಸುಳಿವಾಗಿತ್ತು. ಇನ್ನೊಂದು ತಪ್ಪೊಪ್ಪಿಗೆಯೂ ಬಾಕಿಯಿದೆ. ಬೀಗಗಳನ್ನು ಹಿಡಿಯುವ ಕ್ರಮವನ್ನು ಓಡುವಾಗಲೇ ಪರೀಕ್ಷಿಸುವ ಲಾಕ್‌ಡೆಪ್ ಎಂಬ ಸಾಧನ 2006ರಿಂದಲೂ ಲಿನಕ್ಸ್‌ನಲ್ಲಿದೆ. ಅದನ್ನು ಆನ್ ಮಾಡಿ ಓಡಿಸಿದ್ದರೆ, ಯಂತ್ರ ಒಮ್ಮೆಯೂ ನಿಲ್ಲುವ ಮೊದಲೇ, ಮನೆಯಲ್ಲೇ, ಈ ಬೀಗವನ್ನು ಹಿಡಿಯುತ್ತಿರುವ ರೀತಿ ತಪ್ಪು ಎಂದು ಅದು ಹೇಳುತ್ತಿತ್ತು. ಕೋಡನ್ನು ಇನ್ನೊಮ್ಮೆ ನಿಧಾನವಾಗಿ ಓದಿದ್ದರೂ ಕಾಣುತ್ತಿತ್ತು. ಟೋರ್ವಾಲ್ಡ್ಸ್ ಹೇಳಿದ್ದು ಇದನ್ನೇ.

ಪ್ಯಾರಲಲ್ ಪೋರ್ಟಿನ ಬಗ್ಗೆ ಹೇಳದೆ ಹೋದರೆ ಹಳಬರು ಬಿಡುವುದಿಲ್ಲ. ಇಪ್ಪತ್ತೈದು ಪಿನ್‌ಗಳ ಆ ಅಗಲದ ಪ್ರಿಂಟರ್ ಪೋರ್ಟಿನಲ್ಲಿ ಎಂಟು ದತ್ತಾಂಶ ತಂತಿಗಳು ಒಟ್ಟಿಗೆ ಹೋಗುತ್ತವೆ, ಹಾಗಾಗಿ ವೇಗ ಹೆಚ್ಚು. ಆದರೆ ಅದು ಹುಟ್ಟಿದ್ದು ಹೇಳುವುದಕ್ಕೆ, ಕೇಳುವುದಕ್ಕಲ್ಲ. ಹಳೆಯ ಪೋರ್ಟುಗಳಲ್ಲಿ ಪ್ರಿಂಟರಿನಿಂದ ಕಂಪ್ಯೂಟರಿನತ್ತ ಬರುವ ತಂತಿಗಳು ಐದೇ: ಕಾಗದ ಮುಗಿಯಿತು, ಬಿಡುವಿಲ್ಲ ಎನ್ನಲು. ಎರಡು ಕಂಪ್ಯೂಟರ್‌ಗಳನ್ನು ಇದರಲ್ಲಿ ಜೋಡಿಸುವವರು ಆ ಐದರಲ್ಲಿ ನಾಲ್ಕು ನಾಲ್ಕು ಬಿಟ್ ತೂರಿಸಿ ಕೆಲಸ ಸಾಗಿಸುತ್ತಿದ್ದರು. ಜಿಡಿಬಿಯ ಮಾತುಕತೆಗೆ ಸೀರಿಯಲ್ಲೇ ಗಟ್ಟಿಯಾಯಿತು. ಆದರೂ ಪ್ಯಾರಲಲ್ ಪೋರ್ಟಿಗೆ ಒಂದು ಸೊಗಸಾದ ಉಪಯೋಗವಿದೆ. ಎಂಟು ದತ್ತಾಂಶ ಪಿನ್‌ಗಳಿಗೆ ಎಂಟು ಪುಟ್ಟ ಎಲ್‌ಇಡಿಗಳನ್ನು, ತಲಾ ಒಂದು ರೆಸಿಸ್ಟರ್ ಸಮೇತ, ಬೆಸುಗೆ ಹಾಕಿ. ಕರ್ನಲ್ ಕೋಡಿನಲ್ಲಿ ಅಲ್ಲಲ್ಲಿ ಹದಿನಾರರ ಎಣಿಕೆಯ 378 ಎಂಬ ವಿಳಾಸಕ್ಕೆ ಒಂದೊಂದು ಬೇರೆ ಸಂಖ್ಯೆ ಬರೆಯಿರಿ. ಒಂದೇ ಆದೇಶ, ಕಾಯುವುದಿಲ್ಲ, ವೇಗ ಹೊಂದಿಸುವುದಿಲ್ಲ. ಯಂತ್ರ ಸತ್ತಾಗ ಕೊನೆಗೆ ಎಲ್ಲಿತ್ತು ಎಂಬುದನ್ನು ದೀಪಗಳು ಹೇಳುತ್ತವೆ. ಡಿಬಗರ್ ಎದ್ದು ಕೂರುವ ಮೊದಲೇ, ಬೂಟಿನ ಆರಂಭದಲ್ಲೇ ಕೈಕೊಡುವ ಕೋಡಿಗೆ ಇದಕ್ಕಿಂತ ನಂಬಿಕಸ್ಥ ಸಾಕ್ಷಿಯನ್ನು ನಾನು ಕಂಡಿಲ್ಲ. ಪ್ಯಾರಲಲ್ ಪೋರ್ಟಿನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದರೆ ಕರ್ನಲ್‌ನ ಸಂದೇಶಗಳನ್ನು ನೇರ ಕಾಗದಕ್ಕೇ ಇಳಿಸುವ ಆಯ್ಕೆಯೂ ಲಿನಕ್ಸ್‌ನಲ್ಲಿದೆ. ಪ್ರಿಂಟರ್ ಅರ್ಥವಾಗದ ದೋಷ ತೋರಿಸಿದರೆ "ಪ್ರಿಂಟರಿಗೆ ಬೆಂಕಿ ಬಿದ್ದಿದೆ" ಎಂಬ ಅರ್ಥದ ಸಂದೇಶವನ್ನೂ ಅದೇ ಡ್ರೈವರ್ ಕೊಡುತ್ತದೆ. ನಿಜವಾಗಿ ಬೆಂಕಿ ಬಿದ್ದಿರುವುದಿಲ್ಲ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸೀರಿಯಲ್ ಪೋರ್ಟ್ ಎಲ್ಲಿದೆ ಎಂದು ಕೇಳುತ್ತೀರಿ. ಕಟ್ಟೆಯ ಮೇಲಿನ ಯಂತ್ರಕ್ಕೆ ಯುಎಸ್‌ಬಿಯಿಂದ ಸೀರಿಯಲ್ ಮಾಡಿಕೊಡುವ ಅಡಾಪ್ಟರ್ ಸಾಕು, ನಾನು ಬಳಸಿದ್ದೂ ಅದನ್ನೇ. ಆದರೆ ಕೆಳಗಿನ ಯಂತ್ರಕ್ಕೆ ಅದೇ ಅಡಾಪ್ಟರ್ ಹಾಕಿದರೆ ಪ್ರಯೋಜನವಿಲ್ಲ. ಅಲ್ಲಿ ಅಕ್ಷರ ಹೊರಗೆ ಬರಬೇಕಾದರೆ ಇಡೀ ಯುಎಸ್‌ಬಿ ವ್ಯವಸ್ಥೆ, ಇಂಟರಪ್ಟ್ ಸಮೇತ, ಬದುಕಿರಬೇಕು. ಹಗ್ಗದ ತುದಿಯನ್ನು ಮುಳುಗುತ್ತಿರುವವನ ಕೈಯಲ್ಲೇ ಹೊಸೆಸಿದಂತಾಗುತ್ತದೆ. ಕೆಳಗಿನ ಯಂತ್ರದಲ್ಲಿ ಮದರ್‌ಬೋರ್ಡಿನದೇ ಪೋರ್ಟ್ ಇರಬೇಕು, ಅಥವಾ ಪಿಸಿಐ ಸೀರಿಯಲ್ ಕಾರ್ಡ್. ರಾಸ್ಪ್‌ಬೆರಿ ಪೈನಂಥ ಪುಟ್ಟ ಬೋರ್ಡುಗಳಲ್ಲಿ ಸೀರಿಯಲ್ ಪಿನ್‌ಗಳಿವೆ, ಆದರೆ ಅವು 3.3 ವೋಲ್ಟಿನವು. ಅವುಗಳಿಗೆ ಆರ್‌ಎಸ್-232ರ ಹನ್ನೆರಡು ವೋಲ್ಟ್ ನೇರ ಕೊಟ್ಟರೆ ಬೋರ್ಡ್ ಸುಟ್ಟುಹೋಗುತ್ತದೆ. ನಡುವೆ ವೋಲ್ಟ್ ಹೊಂದಿಸುವ ಚಿಪ್ ಬೇಕು, ಇಲ್ಲವೇ 3.3 ವೋಲ್ಟಿನದೇ ಅಡಾಪ್ಟರ್ ಬೇಕು.

ಇದನ್ನೆಲ್ಲ ಕಲಿಯಲು ಎರಡು ಯಂತ್ರ ಕೊಳ್ಳಬೇಕಾಗಿಯೂ ಇಲ್ಲ. ಕೆಮು ಎಂಬ ಉಚಿತ ತಂತ್ರಾಂಶದೊಳಗೆ ಲಿನಕ್ಸನ್ನು ಓಡಿಸಿದರೆ, ಆ ಕೃತಕ ಯಂತ್ರದ ಸೀರಿಯಲ್ ಪೋರ್ಟಿಗೋ ಕೆಮುವಿನ ಸ್ವಂತ ಡಿಬಗ್ ಕಿಂಡಿಗೋ ಜಿಡಿಬಿಯನ್ನು ಜೋಡಿಸಬಹುದು. ಎರಡನೆಯದರಲ್ಲಿ ಕರ್ನಲ್‌ನೊಳಗೆ ಕೆಜಿಡಿಬಿಯೂ ಬೇಡ. ನನ್ನ ವಿದ್ಯಾರ್ಥಿಗಳಿಗೆ ಮೊದಲು ಇದನ್ನೇ ಹೇಳುತ್ತೇನೆ. ಆದರೆ ಕೆಮುವಿನಲ್ಲಿ ನಾಲ್ಕು ತಕ್ಕಡಿಗಳಿರುವುದಿಲ್ಲ, ಹನ್ನೊಂದು ಗಂಟೆಯ ಜನಜಂಗುಳಿ ಇರುವುದಿಲ್ಲ. ನನ್ನ ದೋಷ ಅಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಕೊನೆಗೆ, ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಒಂದು ಮಾತಿದೆ. ಆರ್‌ಎಸ್-232ರ 5ನೇ ಪಿನ್ ಎರಡೂ ಯಂತ್ರಗಳ ನೆಲವನ್ನು ಒಂದು ಮಾಡುತ್ತದೆ. ಬೇರೆ ಬೇರೆ ಗೋಡೆಯ ಪ್ಲಗ್‌ಗಳಲ್ಲಿ, ಬೇರೆ ಬೇರೆ ಅರ್ಥಿಂಗ್‌ಗಳಲ್ಲಿ ನಿಂತಿರುವ ಎರಡು ಯಂತ್ರಗಳ ನಡುವೆ ಸಿಡಿಲಿನ ಹೊತ್ತಿನಲ್ಲಿ ಆ ಸಪೂರ ತಂತಿಯೇ ಹೆದ್ದಾರಿ. ತುಲಾ ತಿಂಗಳ ಸಂಜೆಯ ಗುಡುಗಿನಲ್ಲಿ ನನ್ನ ಹಳೆಯ ಡೆಸ್ಕ್‌ಟಾಪಿನ ಎರಡೂ ಸೀರಿಯಲ್ ಪೋರ್ಟ್‌ಗಳು ಒಂದೇ ಮಿಂಚಿಗೆ ಹೋದವು. ಅಂದಿನಿಂದ ಕಟ್ಟೆಯ ಮೇಲೆ ಚಾರ್ಜರ್ ಕಳಚಿದ ಲ್ಯಾಪ್‌ಟಾಪನ್ನೇ ಇಡುತ್ತೇನೆ. ಅಂಗಡಿಯ ಹುಡುಗನಿಗೂ ಹೇಳಿಟ್ಟಿದ್ದೇನೆ. ಪಡುವಣದಲ್ಲಿ ಮೋಡ ಕಪ್ಪಾಗುತ್ತಿದ್ದಂತೆ ಅವನು ಅಂಗಳದ ಗೋಣಿಗಳಿಗೆ ಟಾರ್ಪಾಲು ಎಳೆಯುತ್ತಾನೆ, ಆಮೇಲೆ ಒಳಗೆ ಬಂದು ತಕ್ಕಡಿಗಳ ನಾಲ್ಕು ತಂತಿಗಳನ್ನೂ, ಅವುಗಳ ಪಕ್ಕದಲ್ಲಿ ನಾನು ಬಿಟ್ಟುಬಂದ ಐದನೆಯದನ್ನೂ ಒಂದೊಂದಾಗಿ ಕೀಳುತ್ತಾನೆ.